ಒಂದು ಬಾಗಿಲು ಒಡೆಯಲು ಹೋದವರು: ಸೇಂಟ್ ನಜೇರ್ ದಾಳಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ನನ್ನ ಕೆಲಸ. ವಾರವೆಲ್ಲಾ ಬೀಡು ಕಬ್ಬಿಣ ಕರಗಿಸುವುದು, ಅಚ್ಚಿಗೆ ಸುರಿಯುವುದು, ಕೆಟ್ಟು ಬಂದದ್ದನ್ನು ಒಡೆದು ಮತ್ತೆ ಕುಲುಮೆಗೆ ಹಾಕುವುದು. ಭಾನುವಾರ ಸಂಜೆ ಮಾತ್ರ ಟಿಳಕವಾಡಿಯ ನಮ್ಮ ಮನೆಯ ಕಟ್ಟೆ ಮೇಲೆ ಓಣಿಯ ಹುಡುಗರನ್ನು ಕೂರಿಸಿಕೊಂಡು ಯುದ್ಧದ ಕಥೆ ಹೇಳುತ್ತೇನೆ. ಹುಡುಗರ ನೆಪದಲ್ಲಿ ದೊಡ್ಡವರೂ ಬಂದು ಕೂರುತ್ತಾರೆ. ಅವರಿಗೆ ತುಂಬಾ ಹಿಡಿಸಿದ್ದು 1942ರ ಸೇಂಟ್ ನಜೇರ್ ದಾಳಿ. ಪ್ರತಿ ಸಲ ಅವೇ ಪ್ರಶ್ನೆ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ಪ್ರಶ್ನೆಗಳನ್ನು ಕೇಳಿದವರ ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ.

ಸೇಂಟ್ ನಜೇರ್ ಎಲ್ಲೈತ್ರಿ? ಅಲ್ಲಿ ಆಗಿದ್ದೇನು?

ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಲ್ವಾರ್ ನದಿ ಅಟ್ಲಾಂಟಿಕ್ ಸಾಗರ ಸೇರುವ ಜಾಗದಲ್ಲಿ. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಆ ಬಂದರು ಜರ್ಮನರ ಕೈಗೆ ಹೋಯಿತು. 1942ರ ಮಾರ್ಚ್ 28ರ ನಡುರಾತ್ರಿ ಬ್ರಿಟಿಷ್ ನೌಕಾಪಡೆಯವರು ಮತ್ತು ಕಮಾಂಡೋಗಳು ಸೇರಿ ಆರುನೂರಕ್ಕೂ ಜಾಸ್ತಿ ಜನ ನದಿಯೊಳಗೆ ನುಗ್ಗಿದರು. ಒಂದು ಹಳೇ ಯುದ್ಧನೌಕೆಯ ಹೊಟ್ಟೆಯಲ್ಲಿ ಸ್ಫೋಟಕ ತುಂಬಿ, ಅದನ್ನು ಬಂದರಿನ ಒಂದು ದೊಡ್ಡ ಬಾಗಿಲಿಗೆ ಗುದ್ದಿಸಿದರು. ದಾಳಿಗೆ ಇಟ್ಟ ಗುಪ್ತನಾಮ ಆಪರೇಷನ್ ಚಾರಿಯಟ್, ಅಂದರೆ ರಥ. ಊರು ಗೆಲ್ಲುವುದು ಅವರ ಉದ್ದೇಶವೇ ಆಗಿರಲಿಲ್ಲ. ಬಾಗಿಲು ಮುರಿಯಬೇಕು, ವಾಪಸ್ ಬರಬೇಕು, ಅಷ್ಟೇ.

ಡ್ರೈ ಡಾಕ್ ಅಂದ್ರ ಏನು? ಸಾದಾ ಮಾತಿನ್ಯಾಗ ಹೇಳ್ರಿ.

ಲಾರಿ ಗ್ಯಾರೇಜ್ ನೋಡಿದ್ದೀರಲ್ಲ. ನೆಲದಲ್ಲಿ ಉದ್ದಕ್ಕೆ ಒಂದು ಗುಂಡಿ ಇರುತ್ತದೆ. ಮೇಲೆ ಲಾರಿ ನಿಲ್ಲಿಸಿ, ಮೆಕ್ಯಾನಿಕ್ ಕೆಳಗಿಳಿದು ಕೆಲಸ ಮಾಡುತ್ತಾನೆ. ಹಡಗಿಗೂ ಹೊಟ್ಟೆ ಕೆಳಗೆ ಕೆಲಸ ಇರುತ್ತದೆ. ಆದರೆ ಅದು ನೀರಲ್ಲಿದೆ, ಏನು ಮಾಡೋದು? ದಡದಲ್ಲಿ ಕಲ್ಲು ಕಾಂಕ್ರೀಟಿನ ಭಾರೀ ತೊಟ್ಟಿ ಕಟ್ಟುತ್ತಾರೆ. ಹಡಗು ಒಳಗೆ ತೇಲಿ ಬರುತ್ತದೆ. ಬಾಗಿಲು ಹಾಕುತ್ತಾರೆ. ಪಂಪು ಹಚ್ಚಿ ನೀರೆಲ್ಲಾ ಹೊರಗೆ ಹಾಕುತ್ತಾರೆ. ಹಡಗು ದಿಮ್ಮಿಗಳ ಮೇಲೆ ಕೂರುತ್ತದೆ. ರಿಪೇರಿ ಮುಗಿದ ಮೇಲೆ ನೀರು ಬಿಟ್ಟು ಬಾಗಿಲು ತೆಗೆದರೆ ಮತ್ತೆ ತೇಲುತ್ತದೆ.

ಸೇಂಟ್ ನಜೇರ್‌ನ ಡಾಕ್ ಕಟ್ಟಿದ್ದು ನಾರ್ಮಂಡಿ ಎಂಬ ದೊಡ್ಡ ಪ್ರಯಾಣಿಕರ ಹಡಗಿನ ಸಲುವಾಗಿ. ಉದ್ದ ಸುಮಾರು 350 ಮೀಟರ್, ಅಗಲ 50 ಮೀಟರ್. ಕಟ್ಟಿದಾಗ ಜಗತ್ತಿನಲ್ಲೇ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಎರಡೂ ತುದಿಗೆ ಬಾಗಿಲು. ನಮ್ಮ ಆಲಮಟ್ಟಿ, ಹಿಡಕಲ್ ಗೇಟುಗಳ ಹಾಗೆ ಮೇಲೆ ಏಳುವ ಬಾಗಿಲಲ್ಲ. ಶಟರ್ ಪಕ್ಕಕ್ಕೆ ಸರಿದ ಹಾಗೆ ಗೋಡೆಯ ಸಂದಿಗೆ ಸರಿಯುವಂಥದ್ದು. ಒಂದೊಂದು ಬಾಗಿಲೂ ಉಕ್ಕಿನ ಟೊಳ್ಳು ಪೆಟ್ಟಿಗೆ. ದಪ್ಪವೇ ಸುಮಾರು 10 ಮೀಟರ್, ಎತ್ತರ ಐದು ಮಹಡಿಯ ಕಟ್ಟಡದಷ್ಟು. ಅದನ್ನು ಎಳೆಯಲು ಪಕ್ಕದಲ್ಲಿ ರಾಟೆಯ ಮನೆ. ನೀರು ಎತ್ತಲು ಪಂಪ್ ಹೌಸ್. ಈ ಮೂರನ್ನು ನೆನಪಿಟ್ಟುಕೊಳ್ಳಿ: ಬಾಗಿಲು, ರಾಟೆ, ಪಂಪು. ಕಥೆಯೆಲ್ಲಾ ಇವುಗಳ ಸುತ್ತಲೇ.

ಒಂದು ರಿಪೇರಿ ಗುಂಡಿಗೋಸ್ಕರ ಇಷ್ಟು ಜೀವ ತೆಗಿಯೂದ?

ಗುಂಡಿಗಲ್ಲ, ಟಿರ್ಪಿಟ್ಜ್ ಎಂಬ ಹಡಗಿಗೆ. ಜರ್ಮನರ ಬಿಸ್ಮಾರ್ಕ್ ಹೆಸರು ಕೇಳಿರಬಹುದು. 1941ರ ಮೇ ತಿಂಗಳಲ್ಲಿ ಏಟು ತಿಂದು ಓಡುತ್ತಿದ್ದ ಬಿಸ್ಮಾರ್ಕ್ ಫ್ರಾನ್ಸಿನ ಕರಾವಳಿ ಮುಟ್ಟುವ ಮುಂಚೆ ಬ್ರಿಟಿಷರು ಅದನ್ನು ಮುಳುಗಿಸಿದರು. ಅದರ ಜೋಡಿ ಹಡಗೇ ಟಿರ್ಪಿಟ್ಜ್. ಉದ್ದ 250 ಮೀಟರ್ ಮೀರಿತ್ತು. 1942ರ ಶುರುವಿಗೆ ಅದು ನಾರ್ವೆಗೆ ಬಂದು ಕೂತಿತ್ತು.

ಬ್ರಿಟನ್ ಆಗ ತಿನ್ನುತ್ತಿದ್ದ ಅನ್ನ, ಸುರಿಯುತ್ತಿದ್ದ ಪೆಟ್ರೋಲು ಬಹುಪಾಲು ಅಟ್ಲಾಂಟಿಕ್ ದಾಟಿ ಹಡಗಲ್ಲಿ ಬರಬೇಕಿತ್ತು. ಟಿರ್ಪಿಟ್ಜ್ ಆ ದಾರಿಗೆ ಇಳಿದರೆ ಮುಗೀತು. ಆದರೆ ಅಷ್ಟು ದೊಡ್ಡ ಹಡಗು ಹೋರಾಟಕ್ಕೆ ಇಳಿದರೆ ಒಂದಲ್ಲ ಒಂದು ದಿನ ಏಟು ತಿನ್ನುತ್ತದೆ. ಆಗ ಅದನ್ನು ಒಳಗೆ ತೆಗೆದುಕೊಳ್ಳುವ ಡ್ರೈ ಡಾಕ್ ಅಟ್ಲಾಂಟಿಕ್ ದಡದಲ್ಲಿ ಜರ್ಮನರ ಕೈಲಿ ಇದ್ದದ್ದು ಇದೊಂದೇ. ಈ ಆಸರೆ ಇಲ್ಲದೇ ಹೋದರೆ ಜರ್ಮನರು ಟಿರ್ಪಿಟ್ಜನ್ನು ಹೊರಗೆ ಬಿಡಲು ಹಿಂದೆ ಮುಂದೆ ನೋಡುತ್ತಾರೆ. ಅದು ಬ್ರಿಟಿಷರ ಲೆಕ್ಕ. ಹಡಗು ಸಿಗದಿದ್ದರೆ ಅದರ ಗ್ಯಾರೇಜು ಮುರಿ.

ಮ್ಯಾಲಿಂದ ಬಾಂಬ್ ಹಾಕಿದ್ರ ಆಗ್ತಿರಲಿಲ್ಲೇನು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಆಗಿನ ಬಾಂಬರ್‌ಗಳಿಗೆ ರಾತ್ರಿ ಹೊತ್ತು ಒಂದು ಊರನ್ನೇ ಸರಿಯಾಗಿ ಹುಡುಕುವುದು ಕಷ್ಟವಿತ್ತು. ಇನ್ನು 10 ಮೀಟರ್ ದಪ್ಪದ ಬಾಗಿಲಿಗೆ ಗುರಿ ಇಡೋದು ದೂರದ ಮಾತು. ಸುತ್ತ ಫ್ರೆಂಚ್ ಜನರ ಮನೆಗಳು ಬೇರೆ.

ಆ ರಾತ್ರಿ ವಿಮಾನಗಳೂ ಬಂದಿದ್ದವು ಅನ್ನೋದು ಕಥೆಯ ವಿಚಿತ್ರ. ಜರ್ಮನರ ಕಣ್ಣು ಆಕಾಶದ ಕಡೆ ಇರಲಿ ಅಂತ 60ಕ್ಕೂ ಹೆಚ್ಚು ಬಾಂಬರ್ ಕಳಿಸಿದ್ದರು. ಕೆಳಗೆ ತಮ್ಮವರೇ ದಾಳಿ ಮಾಡುತ್ತಿದ್ದಾರೆ ಅನ್ನುವುದನ್ನು ಪೈಲಟ್‌ಗಳಿಗೆ ಹೇಳಿರಲಿಲ್ಲ. ಗುರಿ ಸ್ಪಷ್ಟ ಕಾಣದಿದ್ದರೆ ಬಾಂಬ್ ಹಾಕಬೇಡಿ ಅಂತ ಮಾತ್ರ ಹೇಳಿದ್ದರು. ಮೋಡ ಕವಿದಿತ್ತು. ಕೆಲವೇ ವಿಮಾನ ಬಾಂಬ್ ಹಾಕಿದವು, ಉಳಿದವು ಸುಮ್ನೆ ಸುತ್ತು ಹೊಡೆದವು. ಬಂದರಿನ ವಿಮಾನ ನಿರೋಧಕ ಫಿರಂಗಿಗಳ ಮುಖ್ಯಸ್ಥ ಮೆಕೆ ಎಂಬಾತನಿಗೆ ಇದು ಸರಿ ಕಾಣಲಿಲ್ಲ. ಬಾಂಬ್ ಹಾಕದೆ ಯಾಕೆ ಸುತ್ತುತ್ತಿದ್ದಾರೆ? ಪ್ಯಾರಾಚೂಟಲ್ಲಿ ಯಾರನ್ನೋ ಇಳಿಸುತ್ತಾರೇನೋ? ಎಲ್ಲರೂ ಎಚ್ಚರವಾಗಿರಿ ಅಂತ ಸುದ್ದಿ ಕಳಿಸಿದ. ನಿದ್ದೆ ಮಾಡಿಸಲು ಹೋದವರು ಎಬ್ಬಿಸಿ ಕೂರಿಸಿದ ಹಾಗಾಯಿತು.

ಗುದ್ದಿಸಿದ ಹಡಗು ಯಾವುದು?

ಹೆಸರು ಕ್ಯಾಂಬೆಲ್‌ಟೌನ್. ಮೂಲದಲ್ಲಿ ಅಮೆರಿಕದ್ದು, ಹೆಸರು ಬುಕಾನನ್, ನೀರಿಗಿಳಿದದ್ದು 1919ರಲ್ಲಿ. 1940ರಲ್ಲಿ ಅಮೆರಿಕ ತನ್ನ 50 ಹಳೇ ಡಿಸ್ಟ್ರಾಯರ್‌ಗಳನ್ನು, ಅಂದರೆ ವೇಗದ ಮಧ್ಯಮ ಗಾತ್ರದ ಯುದ್ಧನೌಕೆಗಳನ್ನು, ಬ್ರಿಟನ್ನಿಗೆ ಕೊಟ್ಟಿತಲ್ಲ, ಅದರಲ್ಲಿ ಇದೂ ಒಂದು. ನಾಲ್ಕು ಚಿಮಣಿ ಇದ್ದವು. ಎರಡನ್ನು ಕಿತ್ತು, ಉಳಿದೆರಡರ ತುದಿಯನ್ನು ಓರೆಯಾಗಿ ಕತ್ತರಿಸಿದರು. ದೂರದಿಂದ ನೋಡಿದರೆ ಜರ್ಮನ್ ಹಡಗಿನ ಹಾಗೆ ಕಾಣಬೇಕು ಅಂತ. ಬೇಡದ ಭಾರವೆಲ್ಲಾ ಇಳಿಸಿದರು. ಮುಂಭಾಗದಲ್ಲಿ 24 ಡೆಪ್ತ್ ಚಾರ್ಜ್ (ಜಲಾಂತರ್ಗಾಮಿ ಹೊಡೆಯುವ ಬಾಂಬು) ಜೋಡಿಸಿ, ಸುತ್ತ ಉಕ್ಕು ಹಾಕಿ, ಕಾಂಕ್ರೀಟ್ ಸುರಿದು ಮುಚ್ಚಿದರು. ಒಟ್ಟು ನಾಲ್ಕು ಟನ್ ಮೇಲೆ ಸ್ಫೋಟಕ. ಇದನ್ನು ಯೋಚಿಸಿ ಕೂಡಿಸಿದ್ದು ನೈಜೆಲ್ ಟಿಬಿಟ್ಸ್ ಎಂಬ ನೌಕಾ ಅಧಿಕಾರಿ.

ಸ್ಫೋಟಕವನ್ನು ಮೂತಿಯ ತುದಿಯಲ್ಲೇ ಯಾಕಿಡಲಿಲ್ಲ ಅಂತ ಒಬ್ಬ ಪಿಯುಸಿ ಹುಡುಗ ಕೇಳಿದ್ದ. ಒಳ್ಳೇ ಪ್ರಶ್ನೆ. ಗುದ್ದಿದಾಗ ಮೂತಿ ನಜ್ಜುಗುಜ್ಜಾಗುತ್ತದೆ. ಆದದ್ದೂ ಹಾಗೇ, ಹತ್ತು ಮೀಟರಿಗೂ ಹೆಚ್ಚು ಉದ್ದ ಒಳಗೆ ಮಡಚಿಕೊಂಡಿತು. ಅಷ್ಟು ಮಡಚಿದ ಮೇಲೆ ಸ್ಫೋಟಕ ಸರಿಯಾಗಿ ಬಾಗಿಲಿನ ಹತ್ತಿರ ಬಂದು ನಿಲ್ಲಬೇಕು. ಹಾಗೆ ಲೆಕ್ಕ ಹಾಕಿ ಹಿಂದಕ್ಕೆ ಇಟ್ಟಿದ್ದರು.

ಜರ್ಮನರು ಕಣ್ಣು ಮುಚ್ಚಿಕೊಂಡಿದ್ರೇನು? ನದಿ ಒಳಗ ಹೆಂಗ ಬಿಟ್ರು?

ನದಿಯ ಬಾಯಿಯಲ್ಲಿ ಒಂದೇ ಒಂದು ಆಳದ ಕಾಲುವೆ. ಅದು ಫಿರಂಗಿಗಳ ಮೂಗಿನ ಕೆಳಗೇ ಹೋಗುತ್ತಿತ್ತು. ಉಳಿದ ಕಡೆಯೆಲ್ಲಾ ಮರಳು ದಿಬ್ಬ, ದೊಡ್ಡ ಹಡಗು ಬರಲು ಸಾಧ್ಯವೇ ಇಲ್ಲ ಅಂತ ಎಲ್ಲರ ನಂಬಿಕೆ. ಹುಣ್ಣಿಮೆಯ ಆಸುಪಾಸಿನ ದೊಡ್ಡ ಭರತ ಬಂದಾಗ, ಹಗುರ ಮಾಡಿದ ಹಡಗು ಆ ದಿಬ್ಬಗಳ ಮೇಲೆ ಹೇಗೋ ದಾಟಬಹುದು. ಅದಕ್ಕೇ ದಾಳಿಗೆ ಆ ಕೆಲವೇ ರಾತ್ರಿಗಳು ಹೊಂದುತ್ತಿದ್ದವು. ದಾಟುವಾಗ ಕ್ಯಾಂಬೆಲ್‌ಟೌನ್ ಎರಡು ಸಲ ಮರಳಿಗೆ ಕೆರೆದು ನಿಧಾನವಾಯಿತು, ಆದರೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಮಾರ್ಚ್ 26ರ ಮಧ್ಯಾಹ್ನ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟಿದ್ದರು. ಕ್ಯಾಂಬೆಲ್‌ಟೌನ್ ಜೊತೆ 16 ಮೋಟರ್ ಲಾಂಚ್ ಎಂಬ ಸಣ್ಣ ದೋಣಿಗಳು, ಒಂದು ಗನ್‌ಬೋಟ್, ಒಂದು ಟಾರ್ಪೆಡೋ ಬೋಟ್. ಕಾವಲಿಗೆ ಬಂದ ಇನ್ನೆರಡು ಡಿಸ್ಟ್ರಾಯರ್ ಸಮುದ್ರದಲ್ಲೇ ಉಳಿದವು. ದಾರಿಯಲ್ಲಿ ಒಂದು ಜರ್ಮನ್ ಜಲಾಂತರ್ಗಾಮಿ ಇವರನ್ನು ಕಂಡಿತು. ಆದರೆ ಇವರು ಹೋಗುವ ದಿಕ್ಕನ್ನು ತಪ್ಪಾಗಿ ವರದಿ ಮಾಡಿತು.

ರಾತ್ರಿ 1:22ಕ್ಕೆ ದಡದ ಸರ್ಚ್‌ಲೈಟುಗಳೆಲ್ಲಾ ಒಟ್ಟಿಗೆ ಹತ್ತಿದವು. ಹಡಗಿನ ಮೇಲೆ ಜರ್ಮನ್ ಬಾವುಟ ಹಾರುತ್ತಿತ್ತು. ದಡದಿಂದ ಯಾರು ನೀವು ಅಂತ ದೀಪದಲ್ಲಿ ಕೇಳಿದರು. ಜರ್ಮನ್ ಬಲ್ಲ ಸಿಗ್ನಲ್ ಸಿಪಾಯಿಯೊಬ್ಬ ಇವರ ಜೊತೆಗಿದ್ದ. ಅವನು ಅವರದೇ ಸಂಕೇತದಲ್ಲಿ, ನಮಗೆ ಪೆಟ್ಟಾಗಿದೆ, ಬಂದರಿಗೆ ಬರುತ್ತಿದ್ದೇವೆ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟ. ಗುಂಡು ನಿಂತಿತು. ಮತ್ತೆ ಶುರುವಾಯಿತು. ನಮ್ಮವರ ಮೇಲೇ ಹೊಡೀತಿದ್ದೀರಲ್ಲ ಅಂತ ಮತ್ತೊಂದು ಸಂದೇಶ. ಹೀಗೆ ಸಿಕ್ಕಿದ್ದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಹಡಗು ಎಷ್ಟೋ ಮುಂದೆ ಬಂದಿತ್ತು. ಕೊನೆಗೆ ಜರ್ಮನ್ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು, ಎರಡೂ ಕಡೆಯಿಂದ ಗುಂಡಿನ ಮಳೆ. ಕ್ಯಾಪ್ಟನ್ ಸ್ಟೀಫನ್ ಬೀಟಿ ಆ ಬೆಳಕಿನಲ್ಲಿ ಕಣ್ಣು ಕುಕ್ಕುತ್ತಿದ್ದರೂ ಹಡಗನ್ನು ತಿರುಗಿಸಿ ನೇರ ಬಾಗಿಲಿಗೆ ಬಿಟ್ಟ. ಗಂಟೆ 1:34. ಅಂದುಕೊಂಡಿದ್ದಕ್ಕಿಂತ ನಾಲ್ಕು ನಿಮಿಷ ತಡ. ಒಂದೂವರೆ ದಿನದ ಸಮುದ್ರ ಪ್ರಯಾಣದ ಕೊನೆಗೆ ನಾಲ್ಕು ನಿಮಿಷ! ನಮ್ಮ ಬಸ್ಸುಗಳಿಗೆ ಹೇಳಬೇಕು.

ಹಡಗು ಗುದ್ದಿ ಆತಲ್ಲ. ಮತ್ತ ಕಮಾಂಡೋಗಳು ಕೆಳಗ ಯಾಕ ಇಳಿದ್ರು?

ಇಲ್ಲಿಗೆ ಬಂದರೆ ನನ್ನ ಬಾಯಿ ನಿಲ್ಲೋದಿಲ್ಲ. ಯಾಕೆಂದರೆ ಇದು ನಮ್ಮ ಕೆಲಸದ ಮಾತು.

ಹಡಗಿನ ಸ್ಫೋಟಕ ಕೈಕೊಟ್ಟರೆ? ಅದಕ್ಕೇ ರಾಟೆಯ ಮನೆಗಳು, ಪಂಪ್ ಹೌಸ್, ಇನ್ನೊಂದು ತುದಿಯ ಬಾಗಿಲು, ಎಲ್ಲವನ್ನೂ ಕೈಯಾರೆ ಕೆಡಿಸಬೇಕಿತ್ತು. ಇದಕ್ಕೆ ಬೇರೆಯೇ ತಂಡಗಳು. ಒಬ್ಬೊಬ್ಬರ ಬೆನ್ನ ಮೇಲೆ 40 ಕೆಜಿವರೆಗೆ ಸ್ಫೋಟಕ. ಅಷ್ಟು ಹೊತ್ತ ಮೇಲೆ ಬಂದೂಕು ಎಲ್ಲಿ ಹಿಡೀತಾರೆ? ಸೊಂಟದಲ್ಲಿ ಪಿಸ್ತೂಲು ಮಾತ್ರ. ಅವರನ್ನು ಕಾಯಲು ಬಂದೂಕು ಹಿಡಿದ ಬೇರೆ ನಾಲ್ಕೈದು ಜನ. ಬ್ರಿಟನ್ನಿನ ಬಂದರುಗಳಲ್ಲಿ ಇಂಥದೇ ಡಾಕ್‌ಗಳ ಮೇಲೆ ವಾರಗಟ್ಟಲೆ ತಾಲೀಮು ಮಾಡಿದ್ದರು, ಕಣ್ಣಿಗೆ ಬಟ್ಟೆ ಕಟ್ಟಿದರೂ ಕೈ ತಪ್ಪಬಾರದು ಅನ್ನುವಷ್ಟು.

ಪಂಪ್ ಹೌಸಿಗೆ ಹೋದವನು ಲೆಫ್ಟಿನೆಂಟ್ ಸ್ಟುವರ್ಟ್ ಚಾಂಟ್. ಹಡಗಿನ ಮೇಲಿದ್ದಾಗಲೇ ಅವನಿಗೆ ಕೈಗೆ, ಕಾಲಿಗೆ ಸಿಡಿದ ಗುಂಡಿನ ಚೂರು ಬಡಿದಿತ್ತು. ಬಾಗಿಲು ಒಡೆದು ಒಳಗೆ ಹೋದರೆ ಕತ್ತಲು. ಪಂಪುಗಳು ಇದ್ದದ್ದು ನೆಲದಿಂದ 12 ಮೀಟರ್ ಕೆಳಗೆ. ಗಾಯಗೊಂಡ ಒಬ್ಬ ಸಾರ್ಜೆಂಟನನ್ನು ಮೇಲೆ ಬಾಗಿಲು ಕಾಯಲು ಬಿಟ್ಟು, ಉಳಿದವರು ಮೆಟ್ಟಿಲು ತಡವಿಕೊಂಡು ಇಳಿದರು. ಪಂಪಿನ ಎರಕದ ಭಾಗಗಳಿಗೆ ಸ್ಫೋಟಕ ಅಂಟಿಸಿದರು. ಬತ್ತಿ ಹಚ್ಚಿದ ಮೇಲೆ ಉಳಿಯೋದು ಒಂದೂವರೆ ನಿಮಿಷ. ಕುಂಟುವ ಕಾಲಲ್ಲಿ 12 ಮೀಟರ್ ಮೆಟ್ಟಿಲು. ಚಾಂಟ್ ಮುಂದೆ ಹೋಗುವವನ ಸೊಂಟಪಟ್ಟಿ ಹಿಡಿದುಕೊಂಡು ಹತ್ತಿದ. ಹೊರಗೆ ಬಂದರು, ಕೆಳಗೆ ನೆಲ ನಡುಗಿತು. ಮತ್ತೆ ಒಳಗೆ ಹೋಗಿ ನೋಡಿದರೆ ಮೇಲಿನ ಮಹಡಿಯ ಮೋಟರುಗಳು ನೆಲ ಸಮೇತ ಕೆಳಗೆ ಬಿದ್ದಿದ್ದವು.

ಎರಕಕ್ಕೇ ಯಾಕೆ ಅಂಟಿಸಿದರು ಅಂತ ನಮ್ಮ ಫೌಂಡ್ರಿಯ ಹುಡುಗರಿಗೆ ಹೇಳಬೇಕಾಗಿಲ್ಲ. ಉಕ್ಕು ಬಾಗುತ್ತದೆ, ಬೀಡು ಒಡೆಯುತ್ತದೆ. ಬಾಗಿದ್ದನ್ನು ಬಡಿದು ಸರಿ ಮಾಡಬಹುದು. ಒಡೆದ ಬೀಡು ಮಾತ್ರ ತಲೆನೋವು. ಹಿಂದೆ ಒಂದು ಕಾರ್ಖಾನೆಯಲ್ಲಿ ಪಂಪಿನ ಕೇಸಿಂಗ್ ಬಿರುಕು ಬಿಟ್ಟಿತ್ತು. ಹೊಸದಕ್ಕೆ ಕಾಯೋದು ಯಾಕೆ ಅಂತ ಬಿಸಿ ಮಾಡಿ, ನಿಕ್ಕಲ್ ರಾಡ್ ಹಾಕಿ ಬೆಸೆಸಿದರು. ನಾನು ಬೇಡ ಅಂದೆ, ಕೇಳಲಿಲ್ಲ. ಮರುದಿನ ಬೆಸುಗೆಯ ಪಕ್ಕದಲ್ಲೇ ಟಕ್ ಅಂತ ಹೊಸ ಬಿರುಕು. ಕೊನೆಗೆ ಮರದ ಪ್ಯಾಟರ್ನ್ ಮಾಡಿ, ಅಚ್ಚು ಕಟ್ಟಿ, ಹೊಸದಾಗಿ ಎರಕ ಹೊಯ್ದು, ಲೇತಿಗೆ ಹಾಕಿ ಕೊಡುವ ಹೊತ್ತಿಗೆ ತಿಂಗಳು ಕಳೆದಿತ್ತು. ಅದು ಮೊಣಕಾಲೆತ್ತರದ ಪಂಪು. ಅಷ್ಟು ದೊಡ್ಡ ಡಾಕ್ ಖಾಲಿ ಮಾಡುವ ಪಂಪು ಅಂದರೆ ಯೋಚನೆ ಮಾಡಿ. ಈ ದಾಳಿಯ ಯೋಜನೆ ಬರೆದವರಿಗೆ ಯುದ್ಧದ ಜೊತೆ ಯಂತ್ರವೂ ಗೊತ್ತಿತ್ತು. ನನಗೆ ಈ ಕಥೆ ಹಿಡಿಸಿದ್ದೇ ಅದಕ್ಕೆ.

ಕತ್ತಲಾಗ ತಮ್ಮವರು ಯಾರು, ಅವರವರು ಯಾರು ಹೆಂಗ ಗೊತ್ತಾಗ್ತಿತ್ತು?

ಸೊಂಟಪಟ್ಟಿ, ಚೀಲದ ಪಟ್ಟಿಗಳಿಗೆ ಬಿಳಿ ಬಳಿದುಕೊಂಡಿದ್ದರು. ಗುರುತಿನ ಮಾತು ‘ವಾರ್ ವೆಪನ್ಸ್ ವೀಕ್’, ಅದಕ್ಕೆ ಉತ್ತರ ‘ವೇಮತ್’. ಎಲ್ಲಾ ಶಬ್ದದಲ್ಲೂ ತುಟಿ ದುಂಡಗೆ ಮಾಡಿ ಹೇಳುವ ‘ವ’. ಜರ್ಮನರ ನಾಲಿಗೆಗೆ ಅದು ಸುಲಭವಾಗಿ ಬರೋದಿಲ್ಲ. ಬೆಳಗಾವಿಯಲ್ಲಿ ಮಾತು ಕೇಳಿ ಯಾವ ಓಣಿಯವರು ಅಂತ ಹೇಳುತ್ತೇವಲ್ಲ, ಅದೇ ಉಪಾಯ.

ಇಷ್ಟು ಛಲೋ ಯೋಜನೆ ಇದ್ರ ಅಷ್ಟು ಮಂದಿ ಯಾಕ ಸತ್ರು?

ದೋಣಿಗಳಿಂದ. ಡಿಸ್ಟ್ರಾಯರ್ ಒಂದೇ ಕೊಟ್ಟಿದ್ದರಿಂದ, ಅರ್ಧಕ್ಕಿಂತ ಹೆಚ್ಚು ಕಮಾಂಡೋಗಳನ್ನು ಮೋಟರ್ ಲಾಂಚುಗಳಲ್ಲಿ ತುಂಬಿದ್ದರು. ಅವು ಮರದ ದೋಣಿಗಳು. ಫ್ರಾನ್ಸಿಗೆ ಹೋಗಿ ಬರಲು ಪೆಟ್ರೋಲ್ ಸಾಲದು ಅಂತ ಡೆಕ್ ಮೇಲೆ ಹೆಚ್ಚುವರಿ ಟ್ಯಾಂಕ್ ಬೇರೆ ಕೂರಿಸಿದ್ದರು. ಸರ್ಚ್‌ಲೈಟಿನ ಬೆಳಕು, ಎರಡೂ ದಡದಿಂದ ಫಿರಂಗಿ, ಮಧ್ಯೆ ಪೆಟ್ರೋಲ್ ಹೊತ್ತ ಮರದ ದೋಣಿ. ಇದಕ್ಕಿಂತ ಹೆಚ್ಚು ವಿವರ ಬೇಕಾ? ಒಂದಾದ ಮೇಲೊಂದು ಹೊತ್ತಿಕೊಂಡವು. ಪೆಟ್ರೋಲ್ ನೀರಿನ ಮೇಲೆ ಹರಡಿ ನದಿಯೇ ಉರಿಯಿತು. ದಡ ಮುಟ್ಟಿ ತಮ್ಮ ಜನರನ್ನು ಇಳಿಸಲು ಆಗಿದ್ದು ಬೆರಳೆಣಿಕೆ ದೋಣಿಗಳಿಗೆ.

ಟಾರ್ಪೆಡೋ ಬೋಟಿನ ಮಿಕ್ಕಿ ವಿನ್ ಎಂಬ ಯುವಕ ತನ್ನ ಕೆಲಸ ಮುಗಿಸಿ, ಜನರನ್ನು ತುಂಬಿಕೊಂಡು ಪೂರ್ತಿ ವೇಗದಲ್ಲಿ ವಾಪಸ್ ಹೊರಟಿದ್ದ. ದಾರಿಯಲ್ಲಿ ನೀರಲ್ಲಿ ಇಬ್ಬರು ಕಂಡರು. ನಿಲ್ಲಿಸಿದ. ನಿಂತ ಕೂಡಲೇ ಗುಂಡು ಬಿತ್ತು. ದೋಣಿಯಲ್ಲಿದ್ದವರಲ್ಲಿ ಬಹಳಷ್ಟು ಜನ ಸತ್ತರು, ವಿನ್ ಒಂದು ಕಣ್ಣು ಕಳೆದುಕೊಂಡ. ಕಥೆ ಇಲ್ಲಿಗೆ ಬಂದಾಗ ಯಾವಾಗಲೂ ಕಟ್ಟೆ ಮೇಲೆ ಜಗಳ ಶುರುವಾಗುತ್ತದೆ. ನಿಲ್ಲಿಸಬಾರದಿತ್ತು ಅಂತ ಅರ್ಧ ಜನ, ಹೆಂಗ ಬಿಟ್ಟು ಹೋಗ್ತಾನ ಅಂತ ಅರ್ಧ ಜನ. ನಾನು ನಡುವೆ ಬಾಯಿ ಹಾಕುವುದಿಲ್ಲ.

ದಡದಲ್ಲಿದ್ದವರ ನಾಯಕ ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ನ್ಯೂಮನ್. ಯುದ್ಧಕ್ಕೆ ಮುಂಚೆ ಕಟ್ಟಡ ಕೆಲಸದ ಗುತ್ತಿಗೆಯಲ್ಲಿದ್ದವನು. ನದಿ ಕಡೆ ನೋಡಿದರೆ ವಾಪಸ್ ಒಯ್ಯಬೇಕಾದ ದೋಣಿಗಳು ಉರಿಯುತ್ತಿವೆ. ಉಳಿದವರು ನೂರರಷ್ಟು ಜನ. ಶರಣಾಗುವ ಮಾತಿಲ್ಲ, ಊರು ದಾಟಿ ಹಳ್ಳಿಗಾಡು ಸೇರೋಣ, ಸಾಧ್ಯವಾದರೆ ಸ್ಪೇನ್ ಕಡೆ ನಡೆಯೋಣ ಅಂದ. ಕಬ್ಬಿಣದ ಸೇತುವೆಯೊಂದನ್ನು ಗುಂಡಿನ ಮಧ್ಯೆ ಓಡಿ ದಾಟಿದರು. ಮನೆಗಳ ಹಿತ್ತಿಲು, ಗೋಡೆ ಹಾರಿ, ನೆಲಮಾಳಿಗೆಯಲ್ಲಿ ಅಡಗಿ, ಬಹಳಷ್ಟು ಜನ ಬೆಳಗಾಗುವ ಹೊತ್ತಿಗೆ ಸಿಕ್ಕಿಬಿದ್ದರು. ಐದು ಜನ ಮಾತ್ರ ನಿಜವಾಗಲೂ ಸ್ಪೇನ್ ಮೂಲಕ ಮನೆ ಸೇರಿದರು.

ಒಟ್ಟು ಲೆಕ್ಕ: ಸತ್ತವರು 169, ಸೆರೆಯಾದವರು 215, ಇಂಗ್ಲೆಂಡಿಗೆ ಮರಳಿದವರು 228. ಸ್ವಂತ ಬಲದಲ್ಲಿ ವಾಪಸ್ ಬಂದ ಲಾಂಚುಗಳು ಮೂರು.

ಹಡಗು ಯಾವಾಗ ಸಿಡೀತು?

ಬೆಳಗ್ಗೆ. ಅಂದುಕೊಂಡ ಹೊತ್ತು ಮೀರಿದ ಮೇಲೆ. ಒಳಗಿನ ರಾಸಾಯನಿಕ ನಿಧಾನಕ್ಕೆ ಕೊರೆದುಕೊಂಡು ಹೋಗಿ ಹೊತ್ತಿಸುವ ಪೆನ್ಸಿಲ್ಲಿನಂಥ ಫ್ಯೂಸ್ ಹಾಕಿದ್ದರು. ಗೋಡೆ ಗಡಿಯಾರದ ಹಾಗೆ ನಿಮಿಷಕ್ಕೆ ಸರಿಯಾಗಿ ನಡೆಯುವ ವಸ್ತು ಅಲ್ಲ ಅದು. ಸೆರೆಸಿಕ್ಕ ಬ್ರಿಟಿಷರು ಗಡಿಯಾರ ನೋಡಿ ನೋಡಿ ಕೆಲಸ ಕೆಟ್ಟಿತು ಅಂದುಕೊಂಡರು. ಜರ್ಮನ್ ಅಧಿಕಾರಿಗಳು, ಸಿಪಾಯಿಗಳು ಹಡಗು ಹತ್ತಿ ನೋಡುತ್ತಿದ್ದರು. ಕಾಂಕ್ರೀಟಿನೊಳಗೆ ಏನಿದೆ ಅಂತ ಯಾರಿಗೂ ಹೊಳೆಯಲಿಲ್ಲ.

ಬೀಟಿಯನ್ನು ವಿಚಾರಿಸುತ್ತಿದ್ದ ಜರ್ಮನ್ ಅಧಿಕಾರಿ, ಇಷ್ಟು ಗಟ್ಟಿ ಬಾಗಿಲಿಗೆ ಇಷ್ಟು ಸಣ್ಣ ಹಡಗು ಗುದ್ದಿ ಏನು ಮಾಡಿದಿರಿ ಅಂತ ನಗುತ್ತಿದ್ದನಂತೆ. ಅಷ್ಟರಲ್ಲಿ ಕಿಟಕಿ ಅದುರಿತಂತೆ. ಕಥೆಗೆ ಸ್ವಲ್ಪ ಬಣ್ಣ ಹತ್ತಿರಬಹುದು, ನನಗಂತೂ ಬಿಡಲು ಮನಸ್ಸಿಲ್ಲ. ಸ್ಫೋಟಕ್ಕೆ ಬಾಗಿಲು ಕಿತ್ತು ಒಳಗೆ ಹೋಯಿತು, ಸಮುದ್ರದ ನೀರು ಡಾಕಿಗೆ ನುಗ್ಗಿತು. ಹಡಗಿನ ಮೇಲೆ, ಸುತ್ತ ಇದ್ದ ಜರ್ಮನರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಫ್ಯೂಸ್ ಹಚ್ಚಿದ ಟಿಬಿಟ್ಸ್ ಇದನ್ನು ನೋಡಲಿಲ್ಲ. ವಾಪಸಾಗುವಾಗ ರಾತ್ರಿಯೇ ಸತ್ತಿದ್ದ.

ಶತ್ರು ಅಧಿಕಾರಿ ಹೇಳಿ ಒಬ್ಬಗ ಪದಕ ಕೊಡಿಸಿದ್ದು ಖರೇ ಏನು?

ಖರೇ. ಸಾರ್ಜೆಂಟ್ ಥಾಮಸ್ ಡರಂಟ್, 23 ವರ್ಷ. ಅವನಿದ್ದ ಲಾಂಚ್ ನದಿ ದಾಟಿ ಸಮುದ್ರಕ್ಕೆ ಬಂದಿತ್ತು. ಬೆಳಗಿನ ಜಾವ ಯಾಗ್ವಾರ್ ಎಂಬ ಜರ್ಮನ್ ಯುದ್ಧನೌಕೆ ಎದುರಾಯಿತು. ಡರಂಟ್ ಲೂಯಿಸ್ ಗನ್ ಎಂಬ ಮಷಿನ್ ಗನ್ ಹಿಡಿದು ಹೊಡೆಯುತ್ತಲೇ ಇದ್ದ. ಮೈತುಂಬಾ ಗಾಯ, ನಿಲ್ಲಲಾರದೆ ಗನ್ನಿನ ಕಂಬಕ್ಕೆ ಆತುಕೊಂಡಿದ್ದ. ಜರ್ಮನ್ ಕ್ಯಾಪ್ಟನ್ ಪೌಲ್ ಶರಣಾಗಿ ಅಂತ ಕೂಗಿದರೆ ಉತ್ತರವಾಗಿ ಮತ್ತೆ ಗುಂಡು. ಕೊನೆಗೆ ಸೆರೆ ಸಿಕ್ಕ, ಗಾಯದಿಂದ ಸತ್ತ. ಆಮೇಲೆ ಪೌಲ್ ಸೆರೆಯಲ್ಲಿದ್ದ ನ್ಯೂಮನ್‌ನನ್ನು ಕಂಡು, ನಿಮ್ಮ ಈ ಸಾರ್ಜೆಂಟಿಗೆ ದೊಡ್ಡ ಗೌರವ ಸಲ್ಲಬೇಕು ಅಂದ. 1945ರಲ್ಲಿ ಡರಂಟ್‌ಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಈ ಒಂದು ದಾಳಿಗೆ ಒಟ್ಟು ಐದು ವಿಕ್ಟೋರಿಯಾ ಕ್ರಾಸ್: ಡರಂಟ್, ಬೀಟಿ, ನ್ಯೂಮನ್, ಗನ್‌ಬೋಟಿನ ಮೇಲೆ ಸತ್ತ ವಿಲಿಯಂ ಸ್ಯಾವೇಜ್, ಮತ್ತು ನೌಕಾ ತಂಡದ ಮುಖ್ಯಸ್ಥ ರಾಬರ್ಟ್ ರೈಡರ್. ರೈಡರ್ ಹುಟ್ಟಿದ್ದು ಭಾರತದಲ್ಲೇ. ಅವನ ತಂದೆ ಸರ್ವೇಯರ್ ಜನರಲ್ ಆಫ್ ಇಂಡಿಯಾ ಆಗಿದ್ದವರು.

ಆ ಊರಿನ ಮಂದಿ ಗತಿ ಏನಾತು?

ಪಕ್ಕದ ಮನೆಯ ಅತ್ತಿ ಒಬ್ಬರೇ ಈ ಪ್ರಶ್ನೆ ಕೇಳಿದ್ದು. ಹುಡುಗರಿಗೆ ಹೊಳೆಯಲಿಲ್ಲ.

ಗುಂಡಿನ ಸದ್ದು ಕೇಳಿ ಕೆಲವು ಫ್ರೆಂಚರು ಬಿಡುಗಡೆ ಬಂತು ಅಂದುಕೊಂಡರು. ಬಂದವರು ಒಂದು ರಾತ್ರಿಯ ಅತಿಥಿಗಳು ಅಂತ ಅವರಿಗೇನು ಗೊತ್ತು? ಎರಡು ದಿನ ಬಿಟ್ಟು, ಮಾರ್ಚ್ 30ರಂದು, ಟಾರ್ಪೆಡೋ ಬೋಟಿನ ವಿನ್ ಬಂದರಿನ ಇನ್ನೊಂದು, ಹಳೇ ಪ್ರವೇಶದ ಬಾಗಿಲಿಗೆ ಬಿಟ್ಟು ಹೋಗಿದ್ದ ತಡವಾಗಿ ಸಿಡಿಯುವ ಟಾರ್ಪೆಡೋಗಳು ಸಿಡಿದವು. ಬಂದರಿನ ಕೆಲಸಗಾರರು ದಿಕ್ಕಾಪಾಲಾಗಿ ಓಡಿದರು. ಗಾಬರಿಯಾದ ಜರ್ಮನ್ ಕಾವಲುಗಾರರು ಅವರ ಮೇಲೇ ಗುಂಡು ಹಾರಿಸಿದರು. ಊರಿನವರೂ ಸತ್ತರು. ಎಷ್ಟೋ ಜನರನ್ನು ಹಿಡಿದು ಶಿಬಿರಕ್ಕೆ ಹಾಕಿದರು. ಮುಂದೆ ಅದೇ ಊರಿನ ಮೇಲೆ ಮಿತ್ರರಾಷ್ಟ್ರಗಳ ಬಾಂಬುಗಳೂ ಬಿದ್ದವು. ಬಹುಪಾಲು ಊರು ನೆಲಸಮವಾಯಿತು, ಜರ್ಮನರ ಜಲಾಂತರ್ಗಾಮಿಗಳ ಕಾಂಕ್ರೀಟ್ ಗೂಡುಗಳು ಮಾತ್ರ ಉಳಿದವು. ಈಗಲೂ ನಿಂತಿವೆ. ಆ ಬಂದರು ಜರ್ಮನರ ಕೈ ಬಿಟ್ಟಿದ್ದು 1945ರ ಮೇ ತಿಂಗಳಲ್ಲಿ, ಯುರೋಪಿನಲ್ಲಿ ಯುದ್ಧ ಮುಗಿದ ಮೇಲೆ.

ಹಂಗಾರ ಲಾಭ ಆತೋ, ನಷ್ಟವೋ?

ಟಿರ್ಪಿಟ್ಜ್ ಅಟ್ಲಾಂಟಿಕ್ ಹಡಗು ದಾರಿಗೆ ಒಮ್ಮೆಯೂ ಇಳಿಯಲಿಲ್ಲ. ನಾರ್ವೆಯಲ್ಲೇ ಅಡಗಿ ಅಡಗಿ, 1944ರ ನವೆಂಬರ್ 12ರಂದು ಬಾಂಬಿಗೆ ಸಿಕ್ಕಿ ಮಗುಚಿತು. ಡಾಕ್ ಯುದ್ಧ ಮುಗಿಯುವವರೆಗೂ ಕೆಲಸಕ್ಕೆ ಬರಲಿಲ್ಲ. ಹಾಗೆ ನೋಡಿದರೆ ಉದ್ದೇಶ ಪೂರ್ತಿ ಆಯಿತು. ಆದರೆ ಡಾಕ್ ಇದ್ದಿದ್ದರೂ ಹಿಟ್ಲರ್ ಟಿರ್ಪಿಟ್ಜನ್ನು ಹೊರಗೆ ಬಿಡುತ್ತಿದ್ದನೋ ಇಲ್ಲವೋ, ಅದು ಯಾರೂ ಬಿಡಿಸಲಾಗದ ಲೆಕ್ಕ. ನನ್ನ ಮಟ್ಟಿಗೆ ಹೇಳುವುದಾದರೆ, ಬಾಗಿಲು ಮುರಿದದ್ದು ಸರಿ, ದೋಣಿ ಕೊಟ್ಟದ್ದು ತಪ್ಪು. ಇನ್ನೊಂದು ಡಿಸ್ಟ್ರಾಯರ್ ಕೊಟ್ಟಿದ್ದರೆ ಎಷ್ಟೋ ತಾಯಂದಿರ ಮಕ್ಕಳು ಉಳಿಯುತ್ತಿದ್ದರು. ದಾಳಿಗೆ ಒಪ್ಪಿಗೆ ಕೊಟ್ಟ ವಿಭಾಗದ ಮುಖ್ಯಸ್ಥ ಯಾರು ಗೊತ್ತಾ? ಲಾರ್ಡ್ ಮೌಂಟ್‌ಬ್ಯಾಟನ್. ಐದು ವರ್ಷದ ಮೇಲೆ ನಮ್ಮ ದೇಶದ ಕೊನೆಯ ವೈಸರಾಯ್ ಆಗಿ ಬಂದವನೇ. ಹೋದವರು ವಾಪಸ್ ಬರೋದು ಕಷ್ಟ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಬೇಡವೆನಿಸಿದವರು ಹಿಂದೆ ಸರಿಯಬಹುದು, ಯಾರೂ ಏನೂ ಅನ್ನುವುದಿಲ್ಲ ಅಂತ ನ್ಯೂಮನ್ ಹೇಳಿದ್ದ. ಒಬ್ಬನೂ ಸರಿಯಲಿಲ್ಲ.

ನಮ್ಮ ಮರಾಠಾ ರೆಜಿಮೆಂಟಿನವರು ಇದ್ರೇನು?

ಇಲ್ಲ. ಇದು ಬ್ರಿಟಿಷ್ ಕಮಾಂಡೋಗಳ ಕೆಲಸ. ಮರಾಠಾ ಲೈಟ್ ಇನ್‌ಫೆಂಟ್ರಿಯವರು ಆ ಯುದ್ಧದಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ, ಇಟಲಿಯಲ್ಲಿ ಹೋರಾಡಿದರು. ಯಶವಂತ ಘಾಡ್ಗೆ, ನಾಮದೇವ ಜಾಧವ ಇಟಲಿಯಲ್ಲೇ ವಿಕ್ಟೋರಿಯಾ ಕ್ರಾಸ್ ಪಡೆದವರು.

ಬೆಳಗಾವಿಗೆ ನಂಟಿರುವುದು ಕಮಾಂಡೋ ಎಂಬ ಶಬ್ದಕ್ಕೆ. ದಕ್ಷಿಣ ಆಫ್ರಿಕಾದ ಬೋಯರ್ ರೈತರ ಕುದುರೆ ತಂಡಗಳಿಗೆ ಆ ಹೆಸರಿತ್ತು. 1940ರಲ್ಲಿ ಬ್ರಿಟಿಷರು ಅದನ್ನು ಎರವಲು ಪಡೆದರು. ಈಗ ನಮ್ಮ ಸೇನೆಯ ಕಮಾಂಡೋ ತರಬೇತಿ ನಡೆಯೋದು ಇಲ್ಲೇ. ಬೆಳಗಿನ ಜಾವ ಮಳೆಯಲ್ಲಿ, ಬೆನ್ನಿಗೆ ಮೂಟೆ, ಕೈಯಲ್ಲಿ ರೈಫಲ್ ಹಿಡಿದು ಬೂಟುಗಳು ಒಂದೇ ತಾಳದಲ್ಲಿ ಹೋಗುವುದನ್ನು ಕ್ಯಾಂಪ್ ಕಡೆಯವರು ನೋಡಿರುತ್ತಾರೆ. ಚಹಾದಂಗಡಿಯವರು ಸ್ಟೋವ್ ಹಚ್ಚುವ ಮೊದಲೇ ಅವರು ಅರ್ಧ ದಾರಿ ಮುಗಿಸಿರುತ್ತಾರೆ.

ನಮ್ಮ ಕಡೆ ಇಂಥಾದ್ದು ಯಾವುದೂ ಆಗಿಲ್ಲೇನು?

ಆಗಿದೆ, ಲೋಂಡಾದಿಂದ ರೈಲು ಹತ್ತಿದರೆ ಸಿಗುವ ಮುರ್ಮಗೋವಾದಲ್ಲೇ. 1943ರ ಮಾರ್ಚ್ 9ರ ರಾತ್ರಿ. ಗೋವಾ ಆಗ ಪೋರ್ಚುಗೀಸರದ್ದು, ಯುದ್ಧದಲ್ಲಿ ತಟಸ್ಥ. ಹಾಗಾಗಿ ಶತ್ರು ಬಂದರು ಅನ್ನುವ ಹಾಗಿಲ್ಲ. ಮೂರು ಜರ್ಮನ್, ಒಂದು ಇಟಾಲಿಯನ್ ವ್ಯಾಪಾರಿ ಹಡಗು ಅಲ್ಲಿ ಆಶ್ರಯ ಪಡೆದಿದ್ದವು. ಏರೆನ್‌ಫೆಲ್ಸ್ ಎಂಬ ಹಡಗಿನಿಂದ ಜಲಾಂತರ್ಗಾಮಿಗಳಿಗೆ ಗುಟ್ಟಾಗಿ ರೇಡಿಯೋ ಸುದ್ದಿ ಹೋಗುತ್ತಿದೆ ಅಂತ ಬ್ರಿಟಿಷರ ಅನುಮಾನ. ಸೈನ್ಯ ಕಳಿಸುವ ಹಾಗಿಲ್ಲ. ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ತುಕಡಿಯ ಕೆಲವರನ್ನು ಹುಡುಕಿದರು. ನಡುವಯಸ್ಸು ದಾಟಿದ ವ್ಯಾಪಾರಿಗಳು ಅವರು. ಫೀಬಿ ಎಂಬ ಹಳೇ ಬಾರ್ಜ್ ಹತ್ತಿ ಬಂದು ಹಡಗೇರಿದರು. ಹಡಗಿನವರು ತಾವೇ ಬೆಂಕಿ ಹಚ್ಚಿ ನಾಲ್ಕೂ ಹಡಗು ಮುಳುಗಿಸಿದರು. ಈ ಗುಟ್ಟು ಹೊರಬರಲು ಮೂವತ್ತು ವರ್ಷದ ಮೇಲೆ ಹಿಡಿಯಿತು.

ನಿಜವಾಗಿಯೂ ಶತ್ರು ಬಂದರು ಬೇಕು ಅಂದರೆ 1971ರ ಆಗಸ್ಟ್ 15ರ ರಾತ್ರಿ ನೋಡಿ. ಭಾರತದ ನೌಕಾಪಡೆ ಪ್ಲಾಸಿ ಹತ್ತಿರ ತರಬೇತಿ ಕೊಟ್ಟ ಬಂಗಾಳಿ ಹುಡುಗರು ಆಗ ಪಾಕಿಸ್ತಾನದ ಕೈಲಿದ್ದ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ಬಂದರುಗಳಲ್ಲಿ ಈಜಿ ಹೋಗಿ ಹಡಗುಗಳ ಹೊಟ್ಟೆಗೆ ಮೈನ್ ಅಂಟಿಸಿದರು. ಹೊರಡಿ ಅನ್ನುವ ಸೂಚನೆ ರೇಡಿಯೋದಲ್ಲಿ ಬಂದ ಹಾಡು. ಅದರ ಕಥೆ ಇನ್ನೊಂದು ಭಾನುವಾರಕ್ಕೆ.

ಆ ಡಾಕ್ ಈಗೂ ಐತೇನು?

ಇದೆ. ಯುದ್ಧ ಮುಗಿದ ಮೇಲೆ ರಿಪೇರಿ ಮಾಡಿದರು. ಹೊಸ ಬಾಗಿಲು, ಹೊಸ ಪಂಪು. ಈಗಲೂ ಹಡಗುಗಳು ಬಂದು ಹೋಗುತ್ತವೆ. ಊರಿನಲ್ಲಿ ಸಮುದ್ರದ ಕಡೆ ಮುಖ ಮಾಡಿ ಒಂದು ಸ್ಮಾರಕ ಕಲ್ಲಿದೆ. ಪಕ್ಕದಲ್ಲಿ ಕ್ಯಾಂಬೆಲ್‌ಟೌನಿನ ಒಂದು ಫಿರಂಗಿ ಇಟ್ಟಿದ್ದಾರೆ. ಅದರ ಫೋಟೋ ತೋರಿಸಿದಾಗ ನಮ್ಮ ಫೌಂಡ್ರಿಯ ಹುಡುಗನೊಬ್ಬ ಜೂಮ್ ಮಾಡಿ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: “ಸರ, ಇದು ಎರಕದ್ದೋ, ಬಡಿದು ಮಾಡಿದ್ದೋ?”